ಏಳದ ಪುಸ್ತಕ

ನಮ್ಮೂರಿನಲ್ಲಿ “ಏಳಲಿಲ್ಲ” ಎಂದರೆ ಒಳ್ಳೆಯ ಸುದ್ದಿ. ಹೊರಗಿನಿಂದ ಬಂದ ಸೊಸೆಯಂದಿರಿಗೆ, ವರ್ಗವಾಗಿ ಬಂದ ಮೇಷ್ಟರುಗಳಿಗೆ ಇದು ರೂಢಿಯಾಗಲು ಒಂದೆರಡು ವರ್ಷ ಬೇಕು. ಸಂತೆಯಲ್ಲಿ ಇಬ್ಬರು ಹೆಂಗಸರು ಎದುರಾದರೆ “ಮಗ ಹೇಗಿದಾನೆ?” ಎಂದು ಒಬ್ಬಳು ಕೇಳುತ್ತಾಳೆ, “ಏಳಲಿಲ್ಲ” ಎಂದು ಇನ್ನೊಬ್ಬಳು ಹೇಳುತ್ತಾಳೆ, ಇಬ್ಬರೂ ನಗುತ್ತಾರೆ, ಬದನೆಕಾಯಿ ಆರಿಸುವುದು ಮುಂದುವರಿಯುತ್ತದೆ. ಏಳದೆ ಇರುವುದು ಮಗನಲ್ಲ, ಮಗನ ಪುಸ್ತಕ.

ಒಂದು ಪುಸ್ತಕ ಯಾರದಾದರೂ ಬದುಕನ್ನು ತಿರುಗಿಸಿಬಿಟ್ಟರೆ ಅದು ಭಾರವಾಗುತ್ತದೆ. ಓದಿದವರಿಗಲ್ಲ, ಅವರ ಕೈಗೆ ಅದು ಮೊದಲಿನಷ್ಟೇ ಹಗುರ. ಮಿಕ್ಕ ಎಲ್ಲರಿಗೂ ಭಾರ. ನಾಲ್ಕು ಜನ ಸೇರಿ ಹಾರೆ ಹಾಕಿದರೂ ಕದಲುವುದಿಲ್ಲ. ಪುಟ ಮಗುಚಬಹುದು, ಓದಬಹುದು, ಎತ್ತಲು ಮಾತ್ರ ಆಗುವುದಿಲ್ಲ. ಓದಿದವರು ತೀರಿಕೊಂಡ ಗಳಿಗೆಯಲ್ಲಿ ಅದು ಉಳಿದ ಪುಸ್ತಕಗಳ ಹಾಗೆ ಎಲ್ಲರ ಕೈಗೂ ಏಳುತ್ತದೆ. ಯಾಕೆ ಹೀಗೆ ಎಂದು ಕೇಳಲು ಒಮ್ಮೆ ದೊಡ್ಡ ಊರಿನಿಂದ ಮೂವರು ಬಂದಿದ್ದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಯಾರಿಗೆ ಯಾವ ಪುಸ್ತಕ ಒದಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಗರಡಿಮನೆಯ ಪೈಲ್ವಾನರದು ಮಕ್ಕಳ ಪದ್ಯಗಳ ಪುಸ್ತಕ. ಕಚೇರಿಯ ಗುಮಾಸ್ತರೊಬ್ಬರದು ನಕ್ಷತ್ರಗಳ ಪಟವಿರುವ ಪುಸ್ತಕ. ಅದನ್ನು ಓದಿದ ಮೇಲೆ ಅವರು ಲಂಚ ಮುಟ್ಟಲಿಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧವೋ ಅವರಿಗೇ ತಿಳಿಯದು. ಊರಿನ ದೊಡ್ಡ ಪಂಡಿತರೊಬ್ಬರ ಮನೆಯಲ್ಲಿ ನಾಲ್ಕು ಬೀರು ತುಂಬ ಪುಸ್ತಕಗಳಿವೆ. ಮನೆಗೆಲಸದಾಕೆ ಹಬ್ಬಕ್ಕೆ ಮೊದಲು ಅವಷ್ಟನ್ನೂ ಒಬ್ಬಳೇ ಇಳಿಸಿ, ಧೂಳು ಹೊಡೆದು, ಮತ್ತೆ ಜೋಡಿಸುತ್ತಾಳೆ. ಈ ವಿಷಯವನ್ನು ಪಂಡಿತರ ಎದುರು ಯಾರೂ ಮಾತಾಡುವುದಿಲ್ಲ.

ಈ ವಿಷಯದಲ್ಲಿ ನಾನೂ ಆ ಪಂಡಿತರ ಜಾತಿಯವಳೇ. ನನ್ನ ಹೆಸರು ವಿಮಲಾಕ್ಷಿ, ಊರಿನ ಲೈಬ್ರರಿ ನೋಡಿಕೊಳ್ಳುವವಳು. ಏಳನೇ ವಯಸ್ಸಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿ ಮುಗಿಸಿದ ಕೂಡಲೇ ಅಣ್ಣನ ಕೈಗೆ ಕೊಡುತ್ತಿದ್ದೆ. ಅವನು ಅದನ್ನು ಎಡಗೈಯಲ್ಲಿ ಎತ್ತಿ, ಪಾಪ, ಭಾರವಿದ್ದ ಹಾಗೆ ಮುಖ ಕಿವುಚುತ್ತಿದ್ದ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದ ಮೇಲೆ “ಹುಡುಗಿ ಪುಸ್ತಕ ತರಲಿ” ಎನ್ನುತ್ತಾರೆ. ಹುಡುಗಿ ಅದನ್ನು ಒಂದೇ ಕೈಯಲ್ಲಿ ತಂದು ಚಾಪೆಯ ಮೇಲಿಡಬೇಕು, ಗಂಡಿನ ಕಡೆಯವರು ಎತ್ತಲಾರದೆ ಸೋಲಬೇಕು, ಎಲ್ಲರೂ ನಗಬೇಕು. ಇದು ಶಾಸ್ತ್ರ. ಪುಸ್ತಕವಿಲ್ಲದ ಹುಡುಗಿಗೆ ಗಂಡು ಸಿಗುವುದೇ ಇಲ್ಲ ಎಂದಲ್ಲ, ಆದರೆ ಬಂದವರು ಕೈ ತೊಳೆದು ಬೇಗ ಎದ್ದುಬಿಡುತ್ತಾರೆ.

ನನಗೆ ಇಪ್ಪತ್ತೆಂಟು ತುಂಬಿದ ವರ್ಷ ಅಣ್ಣ ಮೌನೇಶ ನನಗೆ ಹೇಳದೆ ಒಂದು ಕೆಲಸ ಮಾಡಿದ. ಅವನದು ಕಬ್ಬಿಣದ ಗೇಟು, ಕಿಟಕಿ ಮಾಡುವ ಅಂಗಡಿ. ನನ್ನ ದಪ್ಪ ಪುಸ್ತಕವೊಂದರ ಹಾಳೆಗಳನ್ನು ಒಳಗೆ ಕೊರೆದು, ಸೀಸದ ಗಟ್ಟಿ ತುಂಬಿ, ಮೇಲೆ ರಟ್ಟು ಅಂಟಿಸಿ, ಗಂಡಿನವರು ಬರುವ ಮೊದಲೇ ತಾನೇ ಚಾಪೆಯ ಮೇಲಿಟ್ಟ. ಬಂದವರಲ್ಲಿ ಗಂಡಿನ ಸೋದರಮಾವ ಮಾತ್ರ ಜಿಗುಟು ಮನುಷ್ಯ. ಉಸಿರು ಕಟ್ಟಿ ಎಳೆದ. ಪುಸ್ತಕ ಮೇಲೆದ್ದಿತು, ರಟ್ಟು ಹರಿಯಿತು, ಸೀಸ ಅವನ ಕಾಲಿನ ಮೇಲೆ ಬಿತ್ತು. ಸಂಬಂಧವೂ ಮುರಿಯಿತು, ಹೆಬ್ಬೆರಳೂ ಮುರಿಯಿತು. ಒಂದು ತಿಂಗಳು ಊರೆಲ್ಲ ನಕ್ಕಿತು. ಅಂದಿನಿಂದ ನಾನು ಅಣ್ಣನ ಜೊತೆ ಮಾತು ಬಿಟ್ಟೆ. ಎರಡು ಬೀದಿ ಆಚೆ ಅವನ ಅಂಗಡಿ. ಇಪ್ಪತ್ತನಾಲ್ಕು ವರ್ಷ ಆ ಎರಡು ಬೀದಿಯನ್ನು ಸುತ್ತಿ ಬಳಸಿಕೊಂಡೇ ಓಡಾಡಿದೆ. ಮದುವೆಯ ಮಾತನ್ನಂತೂ ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಲೈಬ್ರರಿಯ ಒಳಕೋಣೆಯಲ್ಲಿ ಊರು ಬಿಟ್ಟು ಹೋದವರ ಪುಸ್ತಕಗಳಿವೆ. ಹಿಂದೆ ಒಬ್ಬ ತನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟು ಹಿಡಿದುಕೊಂಡು ಬಸ್ಸಿನಲ್ಲಿ ಹೊರಟಿದ್ದನಂತೆ. ಮೂರನೇ ಊರು ದಾಟುವಾಗ ತೂಕಡಿಕೆ ಬಂದು ಕೈ ಜಾರಿತು. ಪುಸ್ತಕ ಪಕ್ಕದ ಸೀಟಿಗೆ ಬಿದ್ದು, ಸೀಟು ಮುರಿದು, ಬಸ್ಸಿನ ಅಚ್ಚು ಮುರಿಯಿತು. ಆಮೇಲೆ ಬಸ್ಸಿನವರು ನಮ್ಮೂರಿನವರ ಚೀಲ ತಡವಿ ನೋಡದೆ ಹತ್ತಿಸುವುದಿಲ್ಲ. ಹೋಗುವವರು ತಮ್ಮ ಪುಸ್ತಕವನ್ನು ನನಗೆ ಒಪ್ಪಿಸಿ ಹೋಗುತ್ತಾರೆ. ಕಲ್ಲುಚಪ್ಪಡಿ ಹಾಸಿ, ಅದರ ಮೇಲೆ ಮತ್ತಿಮರದ ದಪ್ಪ ಹಲಗೆ ಹಾಕಿ, ನಲವತ್ತೇಳು ಪುಸ್ತಕಗಳನ್ನು ಅವರವರ ಕೈಯಿಂದಲೇ ಸಾಲಾಗಿ ಇಡಿಸಿದೆ. ಒಂದೊಂದರ ಮುಂದೆ ಒಂದೊಂದು ಹೆಸರಿನ ಚೀಟಿ.

ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಾನು ಆ ಸಾಲನ್ನು ಎತ್ತಿ ನೋಡಬೇಕು. ಒಂದೊಂದರ ಕೆಳಗೂ ಬೆರಳು ತೂರಿಸಿ ಒಮ್ಮೆ ಬಲ ಹಾಕುವುದು, ಬಿಡುವುದು, ಮುಂದಿನದಕ್ಕೆ ಹೋಗುವುದು. ಏಳದಿದ್ದರೆ ಆ ಹೆಸರಿನವರು ಎಲ್ಲೋ ಬದುಕಿದ್ದಾರೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಮೊದಲ ಸಲ ಒಂದು ಎದ್ದಿತು. ತುಂಬಿದೆಯೆಂದು ಬಲ ಹಾಕಿ ಎತ್ತಿದ ಕೊಡ ಖಾಲಿಯಿದ್ದರೆ ಕೈ ಹೇಗೆ ತಾನಾಗಿಯೇ ಮೇಲಕ್ಕೆ ಹೋಗುತ್ತದೋ, ಹಾಗೆ. ಎಷ್ಟೋ ಹರದಾರಿ ಆಚೆ, ನಾನು ಕಾಣದ ಒಂದು ಮಂಚದ ಮೇಲೆ ಒಬ್ಬ ಮನುಷ್ಯ ಉಸಿರು ಬಿಟ್ಟಿದ್ದ, ಅದು ನನ್ನ ಮೊಣಕೈಗೆ ತಿಳಿಯಿತು. ನಾನು ಪುಸ್ತಕವನ್ನು ಎದೆಗೆ ಅವಚಿಕೊಂಡು ಬಹಳ ಹೊತ್ತು ನಿಂತಿದ್ದೆ. ಅಂಥ ಗಳಿಗೆಗೆ ಅಭ್ಯಾಸವೆಂಬುದಿಲ್ಲ. ಇವತ್ತಿಗೂ ಪ್ರತಿ ಬೆಳಿಗ್ಗೆ ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತೇನೆ.

ಪುಸ್ತಕ ಎದ್ದರೆ ನಾನೊಬ್ಬಳೇ ನೋಡಿದರೆ ಸಾಲದು. ಎದುರಿನ ಸೈಕಲ್ ಅಂಗಡಿಯ ಮಸ್ತಾನ್ ಸಾಬರನ್ನು ಕರೆದು ಅವರ ಕೈಯಲ್ಲೂ ಎತ್ತಿಸಬೇಕು. ಇದಕ್ಕೆ ಸಾಕ್ಷಿ ಎತ್ತುವುದು ಎನ್ನುತ್ತಾರೆ. ಆಮೇಲೆ ಇಬ್ಬರೂ ಸೇರಿ ಆ ಮನೆಗೆ ಹೋಗಿ ಸುದ್ದಿ ಮುಟ್ಟಿಸಬೇಕು. ನನಗಿಂತ ಮುಂಚೆ ಲೈಬ್ರರಿ ನೋಡಿಕೊಳ್ಳುತ್ತಿದ್ದವರ ಕಾಲದಿಂದ ಬಂದ ಪದ್ಧತಿ. ಯಾಕೆ ಇಬ್ಬರು ಎಂದು ನಾನು ಕೇಳಿರಲಿಲ್ಲ. ಒಬ್ಬಳೇ ಹೋಗಲು ಧೈರ್ಯ ಸಾಲದು ಅಂತಿರಬೇಕು ಎಂದುಕೊಂಡಿದ್ದೆ.

ಸಾಲಿನ ಹನ್ನೆರಡನೆಯದು ಸಾಕಮ್ಮನ ಮಗಳು ಜಯಶೀಲೆಯ ಪುಸ್ತಕ. ಸಾಕಮ್ಮನದು ಮಂಡಕ್ಕಿ ಹುರಿಯುವ ಪುರಿ ಭಟ್ಟಿ. ಗುರುವಾರ ಭಟ್ಟಿಗೆ ರಜ. ಇಪ್ಪತ್ತೆರಡು ವರ್ಷದ ಹಿಂದೆ ಹದಿನೆಂಟರ ಜಯಶೀಲೆ ತಾಯಿಯ ಮೇಲೆ ಸಿಟ್ಟು ಮಾಡಿಕೊಂಡು ಹೋದವಳು ತಿರುಗಿ ಬರಲಿಲ್ಲ, ಕಾಗದವೂ ಬರಲಿಲ್ಲ. ಅಂದಿನಿಂದ ಪ್ರತಿ ಗುರುವಾರ ಹತ್ತು ಗಂಟೆಗೆ ಸಾಕಮ್ಮ ಬರುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಹಾಕಿ, ಕತ್ತಿನ ನರ ಉಬ್ಬುವಷ್ಟು ಬಲ ಹಾಕುತ್ತಾಳೆ. ಪುಸ್ತಕ ಮಿಸುಕುವುದಿಲ್ಲ. “ಏಳಲಿಲ್ಲ ಕಣವ್ವ” ಎಂದು, ದೇವಸ್ಥಾನದಲ್ಲಿ ಹೂವಿನ ಪ್ರಸಾದ ಸಿಕ್ಕವಳ ಹಾಗೆ ನಕ್ಕು, ನನಗೊಂದು ಪೊಟ್ಟಣ ಪುರಿ ಕೊಟ್ಟು ಹೋಗುತ್ತಾಳೆ. ಅವಳ ಬದುಕಿಗೆ ಇದ್ದ ಆಧಾರ ಇದೊಂದೇ. ಗಂಡ ಇಲ್ಲ, ಬೇರೆ ಮಕ್ಕಳಿಲ್ಲ. ಆ ಪುಸ್ತಕ ಹಲಗೆಯ ಮೇಲೆ ಅಲುಗದೆ ಕೂತಿರುವವರೆಗೆ ಅವಳಿಗೆ ಮಗಳಿದ್ದಾಳೆ.

ಆ ಪುಸ್ತಕವೋ, ಹೇಳಿದರೆ ನಗುತ್ತೀರಿ. ‘ಸಕಲ ಸಂದರ್ಭಗಳ ಪತ್ರಲೇಖನ’ ಎಂದು ಹೆಸರು. ನೂರಾ ಹನ್ನೆರಡು ಮಾದರಿ ಪತ್ರಗಳು. ಬರೆದವರ ಹೆಸರಿದ್ದ ಪುಟ ಹರಿದುಹೋಗಿದೆ. ಬಸ್ ಸ್ಟ್ಯಾಂಡಿನಲ್ಲಿ ಪಂಚಾಂಗದ ಪಕ್ಕದಲ್ಲಿ ನೇತುಹಾಕಿ ಮಾರುವಂಥದ್ದು. ಎಷ್ಟೆಷ್ಟೋ ದೊಡ್ಡ ಪುಸ್ತಕ ಓದಿಯೂ ಒಂದೂ ದಕ್ಕದ ನನಗೆ, ಈ ನೀಲಿ ರಟ್ಟಿನ ಚಿಕ್ಕ ಪುಸ್ತಕ ಪುರಿ ಭಟ್ಟಿಯ ಹುಡುಗಿಗೆ ಒದಗಿತಲ್ಲ ಎಂದು ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಹೋದ ವರ್ಷ ಭಟ್ಟಿಯ ಹೊಗೆಯಿಂದ ಸಾಕಮ್ಮನ ಕಣ್ಣು ಮಂಜಾಯಿತು. ಒಂದು ಗುರುವಾರ ಪುಸ್ತಕದ ಮುಂದೆ ಕೂತೇ ಬಿಟ್ಟಳು.

“ವಿಮಲವ್ವ, ಇದ್ರಾಗೆ ಏನೈತೆ ಓದು. ನನ್ ಮಗಳು ಇದ್ರಾಗೆ ಏನು ಕಂಡ್ಳೋ ನಾನೂ ಕೇಳ್ತೀನಿ. ಇಷ್ಟು ವರ್ಷ ಬರೀ ಎತ್ತಿದ್ದೇ ಆಯ್ತು.”

“ಇದರಲ್ಲಿ ಏನಿರುತ್ತೆ ಅಮ್ಮ, ರಜಾ ಅರ್ಜಿ, ಬಾಡಿಗೆ ಮನೆ ಅರ್ಜಿ.”

“ಅರ್ಜಿನೇ ಓದು. ನನಗೇನು ಕತೆ ಬೇಕಾ?”

ಹಾಗೆ ಶುರುವಾಯಿತು. ಗುರುವಾರಕ್ಕೆ ಎರಡು ಪತ್ರ. ಒಂಬತ್ತನೆಯದು ಮನೆ ಮಾಲೀಕರಿಗೆ, ನಲ್ಲಿ ಸೋರುವ ಬಗ್ಗೆ. ಇಪ್ಪತ್ತಮೂರನೆಯದು ಎರವಲು ತಂದ ಕೊಡೆಯನ್ನು ತಡವಾಗಿ ಹಿಂತಿರುಗಿಸುತ್ತಿರುವುದಕ್ಕೆ. ನಾನು ಮೊದಮೊದಲು ನಾಟಕದ ದನಿ ಮಾಡಿ, ಗೇಲಿ ಮಾಡಿಕೊಂಡು ಓದುತ್ತಿದ್ದೆ. ಸಾಕಮ್ಮ ಗೇಲಿಗೆ ನಗುತ್ತಿರಲಿಲ್ಲ. “ಪಾಪ, ನಲ್ಲಿ ಸೋರ್ತಿದ್ರೂ ಮೊದ್ಲು ಅವರ ಮನೇರು ಚೆನ್ನಾಗವರಾ ಅಂತ ಕೇಳವ್ನೆ ನೋಡು” ಎನ್ನುತ್ತಿದ್ದಳು. ಆಮೇಲೆ ನಾನೂ ಗಮನಿಸತೊಡಗಿದೆ. ಯಾವ ಪತ್ರದಲ್ಲೂ ಒಂದು ಸಿಟ್ಟಿನ ಮಾತಿರಲಿಲ್ಲ. ಪ್ರತಿ ಪತ್ರದ ಅಡಿಯಲ್ಲೂ ಒಂದು ಸೂಚನೆ: ಕೊನೆಯ ಕಾಲುಭಾಗ ಹಾಳೆಯನ್ನು ಖಾಲಿ ಬಿಡಿ, ಹೇಳಬೇಕೆಂದಿದ್ದ ಮುಖ್ಯವಾದ ಮಾತು ಸಹಿ ಹಾಕಿದ ಮೇಲೆ ನೆನಪಾಗುತ್ತದೆ. ಇದನ್ನು ಬರೆದ ಮನುಷ್ಯ ಯಾರಿರಬಹುದು, ಯಾರಿಗೆ ಏನು ಹೇಳದೆ ಉಳಿದಿದ್ದ ಎಂದು ನಾನು ಮನೆಗೆ ಹೋದ ಮೇಲೂ ಯೋಚಿಸುತ್ತಿದ್ದೆ. ಬರಬರುತ್ತ ಗುರುವಾರಕ್ಕೆ ಕಾಯುವಂತಾಯಿತು.

ಅರವತ್ತೊಂದನೆಯ ಪತ್ರದ ತಲೆಬರಹ ‘ಬಹಳ ಕಾಲ ಮಾತು ಬಿಟ್ಟ ಒಡಹುಟ್ಟಿದವರಿಗೆ’. ಆರೇ ಸಾಲು. ಅದರ ನಡುವೆ ಹೀಗಿತ್ತು: ‘ಯಾರದು ತಪ್ಪು ಎಂಬುದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ಬರುವ ಭಾನುವಾರ ನೀವು ಬಂದರೆ ಊಟಕ್ಕೆ ಏನು ಮಾಡಲಿ ಎಂದಷ್ಟೇ ಕೇಳುತ್ತಿದ್ದೇನೆ.’ ಅಲ್ಲಿಗೆ ನಾನು ಓದು ನಿಲ್ಲಿಸಿ ಪುಸ್ತಕ ಮುಚ್ಚಿದೆ. ಸಾಕಮ್ಮ ನನ್ನ ಕೈಗೆ ಪುರಿ ಪೊಟ್ಟಣ ಇಟ್ಟು ಎದ್ದು ಹೋದಳು.

ಮಾರನೆಯ ದಿನ ನಾನು ಆ ಪತ್ರವನ್ನು ಒಂದು ಅಕ್ಷರವೂ ಬದಲಿಸದೆ ನಕಲು ಮಾಡಿ, ಅಂಚೆಯಲ್ಲಿ ಎರಡು ಬೀದಿ ಆಚೆಗೆ ಕಳಿಸಿದೆ. ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಮೌನೇಶಣ್ಣ ನಿಂತಿದ್ದ. ತಲೆ ಪೂರ್ತಿ ನರೆತಿತ್ತು. ಆಗೊಮ್ಮೆ ಈಗೊಮ್ಮೆ ದೂರದಿಂದ ಬೆಸುಗೆಯ ಕಿಡಿಗಳ ಹಿಂದೆ ಕಾಣುತ್ತಿದ್ದವನು ಇಷ್ಟು ಮುದುಕನಾಗಿದ್ದು ನನಗೆ ಗೊತ್ತೇ ಇರಲಿಲ್ಲ.

“ಹುರುಳಿ ಸಾರು” ಎಂದ.

ನಾನು ಒಳಗೆ ಹೋಗಿ ಹುರುಳಿ ಬೇಯಲು ಇಟ್ಟೆ. ಬೇಯುವಷ್ಟು ಹೊತ್ತು ಇಬ್ಬರೂ ಅತ್ತೆವು, ಆಮೇಲೆ ಸೋದರಮಾವನ ಹೆಬ್ಬೆರಳನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆಯವರೆಗೆ ಅವನು ಜಗಲಿಯಲ್ಲಿ ಕೂತಿದ್ದ. ನನ್ನ ಬದುಕಿನಲ್ಲಿ ಅಂಥ ಭಾನುವಾರ ಅದಕ್ಕೆ ಮೊದಲು ಬಂದಿರಲಿಲ್ಲ.

ಮರುದಿನ ಸೋಮವಾರ. ಹಗುರವಾದ ಮನಸ್ಸಿನಲ್ಲಿ ಲೈಬ್ರರಿಗೆ ಹೋಗಿ ಸಾಲು ಎತ್ತಿ ನೋಡತೊಡಗಿದೆ. ಹನ್ನೊಂದು ಆಯಿತು. ಹನ್ನೆರಡನೆಯದರ ಕೆಳಗೆ ಬೆರಳು ಹಾಕಿದೆ. ಎದ್ದಿತು.

ನಾನು ಅದನ್ನು ಕೆಳಗಿಟ್ಟೆ. ಕಣ್ಣು ಮುಚ್ಚಿ ಮತ್ತೆ ಎತ್ತಿದೆ. ಮತ್ತೆ ಎದ್ದಿತು, ಒಂದೇ ಕೈಯಲ್ಲಿ, ಹಪ್ಪಳ ಎತ್ತಿದ ಹಾಗೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜಯಶೀಲೆ ಎಲ್ಲಿದ್ದಳು, ಏನಾಯಿತು, ನಲವತ್ತು ವರ್ಷ ಸಾಯುವ ವಯಸ್ಸೇ ಎಂದೆಲ್ಲ ಕೇಳಿಕೊಂಡೆ. ಎದುರಿನ ಅಂಗಡಿಯಲ್ಲಿ ಮಸ್ತಾನ್ ಸಾಬರು ಗಾಳಿ ಪಂಪು ಹೊಡೆಯುವ ಸದ್ದು ಕೇಳುತ್ತಿತ್ತು. ಅವರನ್ನು ಕರೆಯಬೇಕಿತ್ತು. ಕರೆದರೆ ಅವರು ಎತ್ತುತ್ತಾರೆ, ಇಬ್ಬರೂ ಭಟ್ಟಿಯ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಸಾಕಮ್ಮನ ಆ ಮಂಜು ಕಣ್ಣು ನಮ್ಮಿಬ್ಬರನ್ನೂ ಗುರುತಿಸಲು ಹೆಣಗುವುದು ಕಣ್ಣ ಮುಂದೆ ಬಂತು. ನಾನು ಕರೆಯಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಮೊದಲ ಸಲ ಪದ್ಧತಿ ಮುರಿದೆ.

ಮಂಗಳವಾರ ಅಣ್ಣನ ಅಂಗಡಿಗೆ ಹೋಗಿ ಎರಡು ಉದ್ದನೆಯ ತಿರುಪು ಮೊಳೆ ಕೇಳಿದೆ.

“ಯಾತಕ್ಕೆ?”

“ಒಂದು ಪುಸ್ತಕ ಹಲಗೆಗೆ ಕೂರಿಸಬೇಕು. ಯಾರ ಕೈಗೂ ಏಳಬಾರದು.”

ಅಣ್ಣ ಬೆಸುಗೆ ಹಾಕಲು ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜು ಕೆಳಗಿಟ್ಟು ನನ್ನನ್ನೇ ನೋಡಿದ. “ವಿಮಲಿ, ನಾನು ಸೀಸ ತುಂಬಿಸಿದ್ದಕ್ಕೆ ಇಪ್ಪತ್ತನಾಲ್ಕು ವರ್ಷ ಮಾತು ಬಿಟ್ಟೆ. ಈಗ ನೀನೇ ಮೊಳೆ ಹೊಡೆಯೋಕೆ ಹೊರಟಿದ್ಯಲ್ಲೇ.”

“ಅದು ಬೇರೆ, ಇದು ಬೇರೆ.”

“ಹೂಂ, ಬೇರೆ. ಅವತ್ತು ನನಗೂ ಹಾಗೇ ಅನಿಸಿತ್ತು. ಪಾಪ, ಅಳ್ತಾಳಲ್ಲ ಹುಡುಗಿ ಅಂತ.” ಡಬ್ಬಿಯಿಂದ ಎರಡು ಮೊಳೆ ಆರಿಸಿ ಕೈಗೆ ಕೊಟ್ಟ. “ತಗೋ. ಆದ್ರೆ ಹೇಳಿಬಿಡು. ಬೇಗ ಹೇಳಿದಷ್ಟೂ ಒಳ್ಳೇದು.”

ಹಿಂದಿನ ರಟ್ಟು ತೆರೆದು, ಎರಡು ಮೂಲೆಯಲ್ಲಿ ಮೊಳೆ ತಿರುಪಿ, ಪುಸ್ತಕವನ್ನು ಹಲಗೆಗೆ ಬಿಗಿದೆ. ಪುಸ್ತಕವೊಂದಕ್ಕೆ ನಾನು ಮಾಡಿದ ಅತಿ ಕೆಟ್ಟ ಕೆಲಸ ಅದು. ಪ್ರತಿ ತಿರುವಿಗೂ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಗುರುವಾರ ಹತ್ತು ಗಂಟೆಗೆ ಸಾಕಮ್ಮ ಬಂದಳು. ಸೆರಗು ಸಿಕ್ಕಿಸಿದಳು, ಬಲ ಹಾಕಿದಳು. ಹಲಗೆ ಕಿರ್ರೆಂದಿತು, ಪುಸ್ತಕ ಅಲುಗಲಿಲ್ಲ. “ಏಳಲಿಲ್ಲ ಕಣವ್ವ” ಎಂದು ನಕ್ಕಳು. ಆ ನಗುವನ್ನು ನೋಡಲಾರದೆ ನಾನು ಚೀಟಿಗಳನ್ನು ಸರಿಮಾಡುವವಳ ಹಾಗೆ ಬೆನ್ನು ತಿರುಗಿಸಿದೆ.

“ಇವತ್ತು ಓದೋದು ಬ್ಯಾಡ” ಎಂದಳು. “ನೀನು ನಿಮ್ಮಣ್ಣಂಗೆ ಕಾಗದ ಬರೆದ್ಯಂತೆ, ಅವ್ನು ಬಂದು ಉಂಡು ಹೋದ್ನಂತೆ. ಭಟ್ಟಿ ತಾವ ಎಲ್ಲ ಅದೇ ಮಾತು. ನನಗೂ ಒಂದು ಬರ್ಕೊಡು. ಜಯಂಗೆ.”

ನಾನು ಕೈಯಲ್ಲಿದ್ದ ಚೀಟಿಯನ್ನು ಅದರ ಜಾಗಕ್ಕೆ ಇಟ್ಟೆ. “ವಿಳಾಸ ಇಲ್ಲವಲ್ಲ ಅಮ್ಮ.”

“ಅದು ಆಮ್ಯಾಕೆ. ಮೊದ್ಲು ಬರಿ.”

ಮೇಜಿನ ಹತ್ತಿರ ಕೂತು ಹಾಳೆ ತೆಗೆದೆ. ಸಾಕಮ್ಮ ಗೋಡೆಗೆ ಒರಗಿ, ಕೈ ಮಡಿಲಲ್ಲಿಟ್ಟು, ಹೇಳತೊಡಗಿದಳು. “ಜಯಾ, ನಾನು ನಿನ್ನವ್ವ. ಚೆನ್ನಾಗಿದೀನಿ. ನೀನೂ ಚೆನ್ನಾಗಿದ್ದೀಯ ಅಂತ ಪುಸ್ತಕ ಹೇಳ್ತೈತೆ.” ಅಲ್ಲಿಯವರೆಗೆ ಬರೆದೆ. ಪೆನ್ನು ಮುಂದೆ ಹೋಗಲಿಲ್ಲ. ಸತ್ತವಳಿಗೆ ಅವಳ ತಾಯಿಯ ಬಾಯಿಂದ ಕಾಗದ ಬರೆಯುತ್ತಿದ್ದೇನೆ ಎಂದು ಅನ್ನಿಸಿದ್ದೇ ತಡ, ಪೆನ್ನು ಕೆಳಗಿಟ್ಟು ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಸೋಮವಾರ ಪುಸ್ತಕ ಎದ್ದದ್ದು, ನಾನು ಮುಚ್ಚಿಟ್ಟದ್ದು, ಮೊಳೆ ಹೊಡೆದದ್ದು.

ಸಾಕಮ್ಮ ಅಳಲಿಲ್ಲ, ಬೈಯಲಿಲ್ಲ.

“ಸಾಬ್ರು ಎತ್ತಿದ್ರಾ?” ಎಂದಳು.

“ಇಲ್ಲ. ಯಾರಿಗೂ ಹೇಳಿಲ್ಲ.”

“ನನ್ನ ಕಣ್ಣಲ್ಲಿ ನೀರು ನೋಡಬಾರದು ಅಂತ ಬಚ್ಚಿಟ್ಟೆ.” ಅವಳು ನಿಧಾನವಾಗಿ ತಲೆಯಾಡಿಸಿದಳು. “ನಾನೂ ಹಂಗೇ ಮಾಡಿದ್ದೆ ಕಣವ್ವ. ಆ ಪುಸ್ತಕ ನೋಡ್ಕೊಂಡು ಅವಳು ಕೆಲಸಕ್ಕೆ ಅರ್ಜಿ ಬರೆದಿದ್ಲು. ಬಾ ಅಂತ ಕಾಗದ ಬಂತು. ಒಬ್ಳೇ ಮಗಳು, ಹೋದ್ರೆ ನನಗ್ಯಾರು? ಕಾಗದಾನ ಪುರಿ ಮೂಟೆ ಒಳಗೆ ಹಾಕ್ದೆ. ದಿನ ಮೀರಿದ ಮ್ಯಾಲೆ ಅವಳ ಕೈಗೇ ಸಿಕ್ತು. ಒಂದ್ ಮಾತು ಆಡ್ಲಿಲ್ಲ. ಮಾರನೇ ದಿನ ಹೊಂಟೋದ್ಲು.” ಆಮೇಲೆ ಗೋಡೆ ಹಿಡಿದು ಎದ್ದು ನಿಂತಳು. “ಬಿಚ್ಚು ಆ ಮೊಳೆ. ಎದ್ದೈತೆ ಅಂದ್ರೆ ನಾನೇ ಎತ್ತಬೇಕು. ಹೆತ್ತಿದ್ದೀನಿ.”

ತಿರುಪುಳಿ ತಂದು ಎರಡೂ ಮೊಳೆ ಬಿಚ್ಚಿದೆ. ಒಂದು ಮೊಳೆ ಉರುಳಿ ಎಲ್ಲೋ ಹೋಯಿತು. ನಾನು ಪಕ್ಕಕ್ಕೆ ಸರಿದೆ. ಸಾಕಮ್ಮ ಈ ಸಲ ಸೆರಗು ಸಿಕ್ಕಿಸಲಿಲ್ಲ. ಬಲವನ್ನೂ ಹಾಕಲಿಲ್ಲ. ಮಲಗಿದ ಮಗುವಿನ ಕೆಳಗೆ ಕೈ ತೂರಿಸುವ ಹಾಗೆ ಮೆಲ್ಲಗೆ ಎರಡೂ ಕೈ ತೂರಿಸಿ, ಕಣ್ಣು ಮುಚ್ಚಿ, ಎತ್ತಿದಳು.

ಏಳಲಿಲ್ಲ.

ಕಣ್ಣು ಬಿಟ್ಟಳು. ಕಾಲು ಅಗಲಿಸಿ ನಿಂತು, ಹಲ್ಲು ಕಚ್ಚಿ, ಇಷ್ಟು ವರ್ಷ ಎಷ್ಟು ಬಲ ಹಾಕಿದ್ದಳೋ ಅಷ್ಟನ್ನೂ ಹಾಕಿದಳು. ಪುಸ್ತಕ ಕಲ್ಲಿನ ಹಾಗೆ ಕೂತಿತ್ತು. “ಇನ್ನೊಂದು ಮೊಳೆ ಐತೇನೇ?” ಎಂದಳು. ದನಿ ಬೇರೆಯಾಗಿತ್ತು. “ಇಲ್ಲಮ್ಮ, ಎರಡೇ ಹೊಡೆದಿದ್ದು.” “ಸಾಬ್ರನ್ನ ಕರಿ. ಓಡು.”

ಮಸ್ತಾನ್ ಸಾಬರು ಗ್ರೀಸಿನ ಕೈ ಒರೆಸಿಕೊಂಡು ಬಂದರು. ರಟ್ಟು ತೆರೆದು ಮೊಳೆಯ ತೂತು ನೋಡಿ ನನ್ನ ಕಡೆ ಒಮ್ಮೆ ಹುಬ್ಬೇರಿಸಿದರು. ಬಗ್ಗಿ ಎರಡು ಸಲ ಎಳೆದರು. “ಇದೆಲ್ಲಿ ಏಳುತ್ತೆ? ಗಟ್ಟಿಯಾಗಿ ಕೂತದೆ. ಹುಡುಗಿ ಚೆನ್ನಾಗೇ ಅವಳೆ.”

ಸಾಕಮ್ಮ ಹಲಗೆಯ ಅಂಚು ಹಿಡಿದು ಕೂತುಬಿಟ್ಟಳು. ನನಗೆ ತಲೆ ಕೆಟ್ಟಿತು. ಸೋಮವಾರ ಎದ್ದದ್ದು ಸುಳ್ಳೇ? ನನ್ನ ಕೈಗೇ ಭ್ರಮೆಯೇ? “ನೀವೇ ನೋಡಿ, ಹೀಗೆ ಎದ್ದಿತ್ತು” ಎನ್ನುತ್ತ ಬೆರಳು ತೂರಿಸಿದೆ. ಪುಸ್ತಕ ನನ್ನ ಒಂದೇ ಕೈಯಲ್ಲಿ ಮೇಲೆ ಬಂತು.

ಇಬ್ಬರು ಎತ್ತಲಾರದೆ ಬಿಟ್ಟಿದ್ದು ನನ್ನ ಅಂಗೈ ಮೇಲೆ ನೀಲಿ ರಟ್ಟಿನ ಹಳೆಯ ಪುಸ್ತಕವಾಗಿ, ಅಷ್ಟೇ ಆಗಿ, ಕೂತಿತ್ತು. ಗಾಳಿಗೆ ಅದರ ಪುಟಗಳು ಪಟಪಟ ಎಂದವು. ಮಸ್ತಾನ್ ಸಾಬರು ಒಂದು ಹೆಜ್ಜೆ ಹಿಂದೆ ಸರಿದು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು.

“ವಿಮಲಮ್ಮ” ಎಂದರು ತಗ್ಗಿದ ದನಿಯಲ್ಲಿ, “ಇದು ಆ ಹುಡುಗಿದೂ ಹೌದು. ನಿಮ್ದೂ ಆಗ್ಯದೆ.”

ಆ ಮಾತು ಕಿವಿಗೆ ಬಿದ್ದು ಒಳಗೆ ಇಳಿಯಲು ಸಮಯ ಹಿಡಿಯಿತು. ಐವತ್ತೆರಡು ವರ್ಷ. ಮನೆ ತುಂಬ, ಲೈಬ್ರರಿ ತುಂಬ ಪುಸ್ತಕಗಳು, ಒಂದೂ ನನ್ನದಾಗಿರಲಿಲ್ಲ. ಹುರುಳಿ ಸಾರಿನ ಆ ಭಾನುವಾರ ಇದು ನನ್ನದಾಗಿತ್ತು, ಸೋಮವಾರ ಬೆಳಿಗ್ಗೆ ನನ್ನ ಕೈಗೇ ಬಂದು ಹೇಳಿತ್ತು, ನಾನು ಅದನ್ನು ಸಾವೆಂದು ತಿಳಿದು ಮೊಳೆ ಹೊಡೆದಿದ್ದೆ. ಎತ್ತಿ ನೋಡಲು ಇಬ್ಬರು ಯಾಕೆ ಬೇಕು ಎಂದು ಅವತ್ತು ತಿಳಿಯಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಸಾಬರೇ ಹೇಳಬೇಕು. ಅವರು ಆಗಲೇ ಸದ್ದಿಲ್ಲದೆ ಬಾಗಿಲು ದಾಟಿ ಹೋಗಿದ್ದರು.

ಸಾಕಮ್ಮ ಎದ್ದು ಹತ್ತಿರ ಬಂದಳು. “ಹಂಗೇ ಹಿಡ್ಕೊಂಡಿರು” ಎಂದು, ಪುಸ್ತಕ ಹೊತ್ತ ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟಳು. ಬೆಂಕಿಯ ಮುಂದೆ ಒರಟಾದ ಕೈ. “ಈಗ ಬಲ ಬಿಡು.” ನಾನು ಬಲ ಬಿಟ್ಟೆ. ನನ್ನ ಕೈ, ಅದರ ಮೇಲಿನ ಪುಸ್ತಕ, ಎರಡೂ ಅವಳ ಕೈಯ ಮೇಲೆ ನಿಂತವು. ಅವಳ ಮುಖ ಬದಲಾಗುವುದನ್ನು ನಾನು ನೋಡಿದೆ.

“ಇಷ್ಟೇನಾ?” ಎಂದಳು.

“ಇಷ್ಟೇ ಅಮ್ಮ.”

“ಜಯನ ಕೈಗೂ ಇಷ್ಟೇನಾ?”

“ಇಷ್ಟೇ.”

“ಇಷ್ಟು ಹಗುರಾನಾ” ಎಂದಳು, ಮತ್ತೆ ಅದನ್ನೇ ಎಂದಳು. ಎಷ್ಟೋ ಹೊತ್ತು ನಾವಿಬ್ಬರೂ ಹಾಗೇ ನಿಂತಿದ್ದೆವು. ಹೊರಗೆ ಯಾರೋ ಪೇಪರ್ ಓದಲು ಬಂದು ಕಾದು ಹೋದರು.

ಆಮೇಲೆ ಅವಳು ಕೈ ತೆಗೆದು ಮುಖ ಒರೆಸಿಕೊಂಡು, “ಆ ಹಾಳೆ ಹರಿದಾಕು, ಹೊಸದಾಗಿ ಬರಿ” ಎಂದಳು. “ಕಾಗದ ಬಚ್ಚಿಟ್ಟೋಳು ನಾನೇ, ತಪ್ಪು ನಂದೇ ಅಂತ ಮೊದಲನೇ ಸಾಲಿಗೇ ಬರಿ. ಅದಾದ ಮ್ಯಾಲೆ ಕ್ಷೇಮ ಸಮಾಚಾರ.” ನಾನು ಬರೆದೆ, ಓದಿ ಹೇಳಿದೆ. ಅವಳು ಹಾಳೆಯ ಮೇಲೆ ಬೆರಳಾಡಿಸಿ, ನಾನು ತೋರಿಸಿದ ಜಾಗದಲ್ಲಿ ಸೊಟ್ಟಗೆ ಸಹಿ ಹಾಕಿದಳು. ಲಕೋಟೆ ಅಂಟಿಸಿ, ಹೊರಗೆ ಏನು ಬರೆಯಲಿ ಎಂದು ತಿಳಿಯದೆ ಪೆನ್ನು ಹಿಡಿದು ಕೂತೆ.

“ಬರ್ಕೊ” ಎಂದಳು ಸಾಕಮ್ಮ. ಕಡಲ ಕಡೆಯ ಒಂದು ಊರಿನ ಹೆಸರು ಹೇಳಿದಳು. ಹಡಗುಕಟ್ಟೆಯ ರಸ್ತೆ, ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಓಣಿ, ಎಡಕ್ಕೆ ಮೂರನೇ ಬಾಗಿಲು, ಜಯಶೀಲಾ ಖಾನಾವಳಿ. ಹದಿನಾಲ್ಕು ವರ್ಷದ ಹಿಂದೆ ಲಾರಿ ಡ್ರೈವರೊಬ್ಬ ಅಲ್ಲಿ ಉಂಡು ಬಂದು ಹೇಳಿದ್ದನಂತೆ. “ಪುಸ್ತಕ ಏಳಲಿಲ್ಲ ಅಂದ್ರೆ ಅಷ್ಟು ಸಾಕು ಅಂದ್ಕಂಡಿದ್ದೆ” ಎಂದಳು. ಆ ವಿಳಾಸವನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ಅಕ್ಷರಕ್ಕೂ ತಡವರಿಸದೆ, ದಿನಾ ಹೇಳಿಕೊಳ್ಳುವವಳ ಹಾಗೆ ಹೇಳಿ ಮುಗಿಸಿದಳು.